ಆಮಶಂಕೆಯ ಅಮೀಬಾ ಮತ್ತು ಅದರ ರಂಧ್ರಕಾರಕ ಪ್ರೋಟೀನು: ಚಿತ್ರದುರ್ಗ ಸೀಮೆಯ ಜಲಮೂಲಗಳ ಹಿನ್ನೆಲೆಯಲ್ಲಿ ಒಂದು ಅವಲೋಕನ

ಅಶೋಕನ ಶಾಸನಗಳನ್ನು ಬಿಟ್ಟರೆ, ಚಿತ್ರದುರ್ಗ ಸೀಮೆಯ ಪ್ರಾಚೀನ ಲಿಖಿತ ದಾಖಲೆಗಳಲ್ಲಿ ಚಂದ್ರವಳ್ಳಿಯ ಕದಂಬ ಮಯೂರಶರ್ಮನ ಬಂಡೆಶಾಸನಕ್ಕೆ ವಿಶೇಷ ಸ್ಥಾನವಿದೆ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಪುಟ್ಟ ಪ್ರಾಕೃತ ಶಾಸನದಲ್ಲಿ ಬರುವ ರಾಜವಂಶಗಳ ಪಟ್ಟಿಯ ಓದಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅದು ಒಂದು ಕೆರೆಗೆ ಸಂಬಂಧಿಸಿದ ಶಾಸನ ಎಂಬುದರಲ್ಲಿ ವಿವಾದವಿಲ್ಲ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಅರಸನೊಬ್ಬನು ತನ್ನ ಹೆಸರನ್ನು ಬಂಡೆಯ ಮೇಲೆ ಕೊರೆಸಲು ನೀರಿನ ಕಟ್ಟೆಯೊಂದು ನೆಪವಾಯಿತು ಎಂಬುದು ಗಮನಾರ್ಹ. ಅನಂತರದ ಶತಮಾನಗಳಲ್ಲಿಯೂ ಇದೇ ಧೋರಣೆ ಮುಂದುವರಿದಿದೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿರುವ ಈ ಜಿಲ್ಲೆಯ ಶಾಸನಗಳಲ್ಲಿ ಕೆರೆ, ಕಟ್ಟೆ, ತೂಬು, ಬಿತ್ತುವಟ್ಟಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿಸಿದವನ ಪುಣ್ಯವನ್ನೂ ಅದನ್ನು ಕೆಡಿಸಿದವನ ಪಾಪವನ್ನೂ ಶಾಸನಗಳು ವಿವರವಾಗಿ ಹೇಳುತ್ತವೆ. ಆ ನೀರನ್ನು ಕುಡಿದವರ ಆರೋಗ್ಯದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಈ ಮೌನವನ್ನು ತುಂಬಬಲ್ಲ ಆಕರಗಳು ಹತ್ತೊಂಬತ್ತನೆಯ ಶತಮಾನದವರೆಗೂ ದೊರೆಯುವುದಿಲ್ಲ. ದೊರೆತ ಮೇಲೂ ಅವುಗಳನ್ನು ಹೇಗೆ ಓದಬೇಕೆಂಬ ಪ್ರಶ್ನೆ ಉಳಿಯುತ್ತದೆ. ಆ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅನಿರೀಕ್ಷಿತವಾದ ಒಂದು ದಿಕ್ಕಿನಿಂದ, ಅಂದರೆ ರೋಗಕಾರಕ ಅಮೀಬಾಗಳಲ್ಲಿರುವ ರಂಧ್ರಕಾರಕ ಪ್ರೋಟೀನುಗಳ ಸಂಶೋಧನೆಯಿಂದ, ಹೊಸ ಬೆಳಕು ಬಿದ್ದಿದೆ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳ ಜನವಸತಿಯನ್ನು ನಿರ್ಧರಿಸಿದ್ದು ನೀರು. ಹೊಳಲ್ಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ವೇದಾವತಿ ನದಿಯು ಹೊಸದುರ್ಗ ತಾಲ್ಲೂಕನ್ನು ಹಾಯ್ದು ಮಾರಿಕಣಿವೆಯ ಮೂಲಕ ಹಿರಿಯೂರಿನ ಬಯಲಿಗೆ ಇಳಿಯುತ್ತದೆ. ಚಿತ್ರದುರ್ಗದ ಕೋಟೆಗೆ ನದಿಯಿಲ್ಲ. ಅಲ್ಲಿ ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಮಾತ್ರ ನಂಬಬೇಕಾಗಿತ್ತು. ಆ ನೀರನ್ನು ಹಿಡಿದಿಡಲು ಪಾಳೆಯಗಾರರ ಕಾಲದಲ್ಲಿ ರೂಪುಗೊಂಡ ವ್ಯವಸ್ಥೆ ಇಂದಿಗೂ ಅಧ್ಯಯನಯೋಗ್ಯವಾಗಿದೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಹರಿಯುವಂತೆ ಇವು ಒಂದಕ್ಕೊಂದು ಕೂಡಿಕೊಂಡಿವೆ. ಒಂದು ಹನಿಯೂ ವ್ಯರ್ಥವಾಗಬಾರದೆಂಬ ಎಚ್ಚರ ಇಲ್ಲಿ ಎದ್ದು ಕಾಣುತ್ತದೆ. ಇದೇ ರಚನೆಯ ಇನ್ನೊಂದು ಮುಖವನ್ನು ಕೋಟೆಯ ಜಲತಂತ್ರವನ್ನು ಕೊಂಡಾಡುವ ಬರಹಗಳು ಸಾಮಾನ್ಯವಾಗಿ ಗಮನಿಸಿಲ್ಲ. ಮೇಲಿನ ಹೊಂಡದಲ್ಲಿ ಸೇರಿದ್ದು ಕೆಳಗಿನ ಹೊಂಡಕ್ಕೂ ಇಳಿಯುತ್ತದೆ. ಮುತ್ತಿಗೆಯ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಜನ, ದನಕರು, ಕುದುರೆಗಳೆಲ್ಲ ಕೋಟೆಯೊಳಗೆ ಸೇರಿದಾಗ ನೀರು ಎಷ್ಟಿತ್ತು ಎಂಬುದರ ಜೊತೆಗೆ ಅದು ಹೇಗಿತ್ತು ಎಂಬುದೂ ಮುಖ್ಯವಾಗುತ್ತದೆ. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ದುರ್ಗವು ಅನೇಕ ಮುತ್ತಿಗೆಗಳನ್ನು ಕಂಡಿತ್ತು.

ಶ್ರೀರಂಗಪಟ್ಟಣದ ಪತನಾನಂತರದ ಕಾಲದಲ್ಲಿ ಚಿತ್ರದುರ್ಗವು ಕೆಲಕಾಲ ಬ್ರಿಟಿಷರ ಸೇನಾಠಾಣ್ಯವಾಗಿತ್ತು. ಸ್ಥಳವು ಅನಾರೋಗ್ಯಕರ ಎಂಬ ಕಾರಣಕ್ಕೆ ಅದನ್ನು ಕೈಬಿಡಲಾಯಿತು ಎಂದು ಹಳೆಯ ಗ್ಯಾಸೆಟಿಯರುಗಳು ಒಂದೇ ವಾಕ್ಯದಲ್ಲಿ ದಾಖಲಿಸಿ ಮುಂದೆ ಸಾಗುತ್ತವೆ. ಹಿರಿಯೂರಿನ ನಿವೇಶನದ ಬಗ್ಗೆಯೂ ಅವು ಇಂಥದೇ ಮಾತನ್ನು ಹೇಳುತ್ತವೆ. ಈ ‘ಅನಾರೋಗ್ಯಕರ’ ಎಂಬ ವಿಶೇಷಣ ಹತ್ತೊಂಬತ್ತನೆಯ ಶತಮಾನದ ಆಡಳಿತಗಾರರ ಬಾಯಲ್ಲಿ ಒಂದು ಸಿದ್ಧಾಂತವನ್ನೇ ಸೂಚಿಸುತ್ತಿತ್ತು. ನೆಲದಿಂದ ಏಳುವ ಕೆಟ್ಟ ಗಾಳಿ, ಬಂಡೆಗಳ ಕಾವು, ಋತುಮಾನಗಳ ಏರುಪೇರು ಇವೇ ಜ್ವರಕ್ಕೂ ಭೇದಿಗೂ ಕಾರಣ ಎಂದು ಅಂದಿನ ವೈದ್ಯರು ನಂಬಿದ್ದರು. ಆದ್ದರಿಂದ ಠಾಣ್ಯವನ್ನು ಸ್ಥಳಾಂತರಿಸುವುದೇ ಪರಿಹಾರವೆನಿಸಿತು. ಸೈನ್ಯ ಹೊರಟುಹೋಯಿತು, ಊರಿನವರು ಅದೇ ನೀರನ್ನು ಕುಡಿಯುತ್ತ ಉಳಿದರು.

ಜನರ ಭಾಷೆಯಲ್ಲಿ ಈ ರೋಗಗಳಿಗೆ ಬೇರೆಬೇರೆ ಹೆಸರುಗಳಿದ್ದವು. ವಾಂತಿಭೇದಿ, ರಕ್ತಭೇದಿ, ಆಮಶಂಕೆ ಇವು ಮೂರೂ ಕನ್ನಡದಲ್ಲಿ ಚೆನ್ನಾಗಿ ಬಳಕೆಯಲ್ಲಿರುವ ಪದಗಳು. ಆಯುರ್ವೇದದಲ್ಲಿ ‘ಆಮ’ ಎಂದರೆ ಪಕ್ವವಾಗದೆ ಉಳಿದ ದೋಷಯುಕ್ತ ದ್ರವ್ಯ. ಲಘುಶಂಕೆ ಎಂಬಲ್ಲಿನ ‘ಶಂಕೆ’ಯೇ ಆಮಶಂಕೆಯಲ್ಲಿಯೂ ಇರುವಂತೆ ತೋರುತ್ತದೆ. ಲೋಳೆಯೊಡನೆ ನುಲಿತ ಕೊಟ್ಟು ಪದೇ ಪದೇ ಆಗುವ ವಿಸರ್ಜನೆಯ ಲಕ್ಷಣವನ್ನು ಈ ಪದ ಹಿಡಿದಿಟ್ಟಿದೆ. ಆಯುರ್ವೇದ ಗ್ರಂಥಗಳು ಅತಿಸಾರ ಮತ್ತು ಪ್ರವಾಹಿಕೆಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಕುಟಜದ ತೊಗಟೆಯನ್ನು, ಅಂದರೆ ಕನ್ನಡದ ಕೊಡಸಿಗೆಯ ಚಕ್ಕೆಯನ್ನು, ಪ್ರಧಾನ ಔಷಧವಾಗಿ ಹೇಳಿವೆ. ಆ ತೊಗಟೆಯಲ್ಲಿರುವ ಕೊನೆಸಿನ್ ಎಂಬ ಕ್ಷಾರವಸ್ತುವಿಗೆ ಅಮೀಬಾಗಳನ್ನು ಕೊಲ್ಲುವ ಗುಣವಿದೆಯೆಂದು ಇಪ್ಪತ್ತನೆಯ ಶತಮಾನದ ಪರೀಕ್ಷೆಗಳು ತೋರಿಸಿದವು. ಹಾಗೆಂದು ಹಿಂದಿನವರಿಗೆ ಅಮೀಬಾ ತಿಳಿದಿತ್ತು ಎಂದು ವಾದಿಸುವುದು ಸಲ್ಲದು. ಅವರಿಗೆ ತಿಳಿದಿದ್ದುದು ಲಕ್ಷಣ ಮತ್ತು ಮದ್ದು, ಅದೂ ಸಣ್ಣ ತಿಳಿವಳಿಕೆಯಲ್ಲ.

ಜನಭಾಷೆಯ ಈ ವ್ಯತ್ಯಾಸಗಳು ಸರ್ಕಾರಿ ದಾಖಲೆಗೆ ಇಳಿದಾಗ ಅಳಿಸಿಹೋದವು ಎಂಬುದು ಈ ವಿಷಯದ ಅತ್ಯಂತ ತೊಡಕಿನ ಭಾಗ. ಮೈಸೂರು ಸಂಸ್ಥಾನದ ಜನನ-ಮರಣ ಲೆಕ್ಕವು ಗ್ರಾಮದ ಪಟೇಲನ ಕೈಯಿಂದ ಆರಂಭವಾಗುತ್ತಿತ್ತು. ಮರಣದ ಕಾರಣಗಳಿಗೆ ಕೆಲವೇ ಅಂಕಣಗಳಿದ್ದವು: ಕಾಲರಾ, ಸಿಡುಬು, ಜ್ವರ, ‘ಬವೆಲ್ ಕಂಪ್ಲೇಂಟ್ಸ್’ ಅಂದರೆ ಕರುಳಿನ ಬೇನೆಗಳು, ಗಾಯ, ಇತರೆ. ವೈದ್ಯನನ್ನು ಕಾಣದೆಯೇ ಸತ್ತವನ ರೋಗವನ್ನು ಪಟೇಲನು ಮನೆಯವರ ಮಾತಿನ ಮೇಲೆ ಈ ಅಂಕಣಗಳಲ್ಲಿ ಒಂದಕ್ಕೆ ಸೇರಿಸಬೇಕಾಗಿತ್ತು. ಆಮಶಂಕೆ, ರಕ್ತಭೇದಿ, ಮಕ್ಕಳ ಬೇಸಿಗೆಯ ಭೇದಿ, ಹಸಿವಿನಿಂದ ಕರುಳು ಕೆಟ್ಟು ಬಂದ ಭೇದಿ ಎಲ್ಲವೂ ಒಂದೇ ಅಂಕಣದಲ್ಲಿ ಬಿದ್ದವು. 1876-78ರ ಮಹಾಕ್ಷಾಮದ ಕಾಲವನ್ನು ನೆನೆದರೆ ಇದರ ತೀವ್ರತೆ ಅರಿವಾಗುತ್ತದೆ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಚಿತ್ರದುರ್ಗದಂಥ ಒಣ ಜಿಲ್ಲೆಗಳು ತೀವ್ರವಾಗಿ ನೊಂದವು. ಕ್ಷಾಮದಲ್ಲಿ ಸತ್ತವರಲ್ಲಿ ಬಹುಪಾಲು ಜನ ನೇರ ಹಸಿವಿನಿಂದ ಸಾಯುವುದಿಲ್ಲ, ಭೇದಿ ಮತ್ತು ಜ್ವರಗಳಿಂದ ಸಾಯುತ್ತಾರೆ ಎಂಬುದನ್ನು ಅಂದಿನ ವೈದ್ಯರೂ ಗಮನಿಸಿದ್ದರು. ಮದ್ರಾಸಿನ ಕ್ಷಾಮಶಿಬಿರಗಳಲ್ಲಿ ಶವಪರೀಕ್ಷೆಗಳನ್ನು ನಡೆಸಿದ ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಪ್ರಕಟಿಸಿದ ಗ್ರಂಥವು ಕರುಳಿನ ವ್ರಣಗಳ ವಿವರಗಳಿಂದ ತುಂಬಿದೆ. ಅವುಗಳಲ್ಲಿ ಎಷ್ಟು ಅಮೀಬಾದಿಂದ ಆದವು ಎಂದು ಕೇಳುವುದಕ್ಕೆ ಬೇಕಾದ ಜ್ಞಾನ ಆಗ ಇನ್ನೂ ರೂಪುಗೊಳ್ಳುತ್ತಿತ್ತು.

ಅಮೀಬಾವನ್ನು ಮನುಷ್ಯನ ಮಲದಲ್ಲಿ ಮೊದಲು ಕಂಡವರಲ್ಲಿ ಕಲ್ಕತ್ತೆಯ ಟಿಮೊಥಿ ಲೂಯಿಸ್ ಒಬ್ಬರು. 1870ರಲ್ಲಿ ಕಾಲರಾ ರೋಗಿಗಳನ್ನು ಪರೀಕ್ಷಿಸುವಾಗ ಅವರು ಅವುಗಳನ್ನು ವರ್ಣಿಸಿದರು, ಆದರೆ ರೋಗದೊಡನೆ ಸಂಬಂಧ ಕಲ್ಪಿಸಲಿಲ್ಲ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯ ಫ್ರೀಡ್ರಿಶ್ ಲೋಶ್ ಆಮಶಂಕೆಯಿಂದ ನರಳುತ್ತಿದ್ದ ಬಡ ರೈತನೊಬ್ಬನ ಮಲದಲ್ಲಿ ಅಸಂಖ್ಯಾತ ಅಮೀಬಾಗಳನ್ನು ಕಂಡರು, ಅವುಗಳಿಂದ ನಾಯಿಗೆ ರೋಗ ಹತ್ತುವುದನ್ನೂ ತೋರಿಸಿದರು. ಆ ರೈತ ಬಂದದ್ದು ಉತ್ತರ ರಷ್ಯದ ಆರ್ಖಾಂಗೆಲ್ಸ್ಕ್ ಪ್ರಾಂತದ ಹಿಮದ ಸೀಮೆಯಿಂದ. ಆಮಶಂಕೆಯು ಉಷ್ಣದೇಶಗಳ ಗಾಳಿಯ ದೋಷವೆಂದು ನಂಬಿ ದುರ್ಗದಂಥ ಠಾಣ್ಯಗಳನ್ನು ಕೈಬಿಟ್ಟವರ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಇರಲಾರದು. ಆದರೆ ಅದು ಆಡಳಿತದ ಕಿವಿಗೆ ಮುಟ್ಟಲು ದಶಕಗಳೇ ಬೇಕಾದವು. ಈಜಿಪ್ಟಿನಲ್ಲಿ ರಾಬರ್ಟ್ ಕೋಖ್ ಮತ್ತು ಕಾರ್ಟುಲಿಸ್, ಬಾಲ್ಟಿಮೋರಿನಲ್ಲಿ 1891ರಲ್ಲಿ ಕೌನ್ಸಿಲ್ಮನ್ ಮತ್ತು ಲಾಫ್ಲರ್ ಈ ಕೆಲಸವನ್ನು ಮುಂದುವರಿಸಿದರು. 1903ರಲ್ಲಿ ಫ್ರಿಟ್ಸ್ ಶಾಡಿನ್ ಈ ಜೀವಿಗೆ ಎಂಟಮೀಬಾ ಹಿಸ್ಟೊಲಿಟಿಕಾ ಎಂದು ಹೆಸರಿಟ್ಟರು. ‘ಹಿಸ್ಟೊಲಿಟಿಕಾ’ ಎಂದರೆ ಅಂಗಾಂಶವನ್ನು ಕರಗಿಸುವಂಥದು. ಹೇಗೆ ಕರಗಿಸುತ್ತದೆ ಎಂಬುದು ಹೆಸರಿಟ್ಟ ವಿಜ್ಞಾನಿಗೂ ತಿಳಿದಿರಲಿಲ್ಲ. ಈ ಒಂದು ಪದದೊಳಗೆ ಅಡಗಿದ್ದ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಎಂಬತ್ತು ವರ್ಷಗಳು ಹಿಡಿದವು.

ಅಷ್ಟರಲ್ಲಿ ಚಿಕಿತ್ಸೆ ಮುಂದೆ ಸಾಗಿತು. 1912ರಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಎಮಿಟಿನ್ ಚುಚ್ಚುಮದ್ದನ್ನು ಬಳಕೆಗೆ ತಂದರು. 1966ರಿಂದ ಮೆಟ್ರೊನಿಡಜೋಲ್ ಮಾತ್ರೆ ಅದರ ಸ್ಥಾನವನ್ನು ಪಡೆಯಿತು. ಇವೆರಡರ ನಡುವೆ, ಮನಿಲಾದ ಬಿಲಿಬಿಡ್ ಸೆರೆಮನೆಯಲ್ಲಿ 1913ರಲ್ಲಿ ವಾಕರ್ ಮತ್ತು ಸೆಲ್ಲಾರ್ಡ್ಸ್ ನಡೆಸಿದ ಪ್ರಯೋಗವೊಂದು ಇತಿಹಾಸಕಾರನ ಗಮನಕ್ಕೆ ಅರ್ಹವಾದುದು. ಅವರು 20 ಮಂದಿ ಕೈದಿಗಳಿಗೆ ಎಂಟಮೀಬಾವನ್ನು ಉಣಿಸಿದರು. 18 ಜನರಿಗೆ ಸೋಂಕು ತಗುಲಿತು, ಆದರೆ ಆಮಶಂಕೆ ಬಂದದ್ದು ನಾಲ್ವರಿಗೆ ಮಾತ್ರ. ಕೈದಿಗಳು ಸ್ವಯಂ ಇಚ್ಛೆಯಿಂದ ಒಪ್ಪಿದರು ಎಂದು ವರದಿ ಹೇಳುತ್ತದೆ. ಸೆರೆಮನೆಯೊಳಗಿನ ಇಚ್ಛೆಗೆ ಎಷ್ಟು ಬೆಲೆ ಎಂಬುದು ಬೇರೆ ಮಾತು. ಅಮೀಬಾ ಕರುಳಿನಲ್ಲಿದ್ದೂ ಬಹುಮಂದಿಗೆ ರೋಗ ಬಾರದಿರುವುದೇಕೆ? ಈ ಪ್ರಶ್ನೆಗೆ 1925ರಲ್ಲಿ ಫ್ರಾನ್ಸಿನ ಎಮಿಲ್ ಬ್ರಂಪ್ಟ್ ಸರಳವಾದ ಉತ್ತರವನ್ನು ಸೂಚಿಸಿದರು: ಸೂಕ್ಷ್ಮದರ್ಶಕದಲ್ಲಿ ಒಂದೇ ಎಂದು ಕಾಣುವ ಈ ಅಮೀಬಾಗಳಲ್ಲಿ ಎರಡು ಜಾತಿಗಳಿವೆ, ಒಂದು ರೋಗಕಾರಕ, ಮತ್ತೊಂದು ನಿರಪಾಯಕಾರಿ. ನಿರಪಾಯಕಾರಿಯಾದುದನ್ನು ಅವರು ಎಂಟಮೀಬಾ ಡಿಸ್ಪಾರ್ ಎಂದು ಕರೆದರು. ವೈದ್ಯಲೋಕ ಇದನ್ನು ಹೆಚ್ಚುಕಡಿಮೆ ಅರ್ಧ ಶತಮಾನ ಕಾಲ ಮೂಲೆಗೆ ಸರಿಸಿತು.

ಅಂಗಾಂಶ ಕರಗುವ ಬಗೆಯನ್ನು ತಿಳಿಯುವ ದಾರಿ 1982ರಲ್ಲಿ ತೆರೆಯಿತು. ಆ ವರ್ಷ ಎರಡು ಗುಂಪುಗಳು ಸ್ವತಂತ್ರವಾಗಿ ಒಂದೇ ನಿಷ್ಕರ್ಷೆಯನ್ನು ಪ್ರಕಟಿಸಿದವು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಕಾರ್ಲೋಸ್ ಗಿಟ್ಲರ್ ಮತ್ತು ಸಹೋದ್ಯೋಗಿಗಳು, ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಯಂಗ್, ಕಾನ್ ಮೊದಲಾದವರು, ಎಂಟಮೀಬಾದಿಂದ ಬೇರ್ಪಡಿಸಿದ ಒಂದು ಪ್ರೋಟೀನು ಕೃತಕ ಪೊರೆಯಲ್ಲಿ ಸೇರಿಕೊಂಡು ಅಯಾನುಗಳು ಹಾಯುವ ರಂಧ್ರವನ್ನು ತೆರೆಯುತ್ತದೆ ಎಂದು ತೋರಿಸಿದರು. ಪ್ರತಿಯೊಂದು ಜೀವಕೋಶವೂ ಕೊಬ್ಬಿನ ಅಣುಗಳಿಂದಾದ ತೆಳುವಾದ ಪೊರೆಯಿಂದ ಸುತ್ತುವರಿದಿದೆ. ಒಳಗಿನ ಮತ್ತು ಹೊರಗಿನ ಲವಣಗಳ ಪ್ರಮಾಣದಲ್ಲಿರುವ ವ್ಯತ್ಯಾಸವನ್ನು ಆ ಪೊರೆ ಕಾಯುತ್ತದೆ. ಅದಕ್ಕೆ ತೂತು ಬಿದ್ದರೆ ಈ ವ್ಯತ್ಯಾಸ ಉಳಿಯದು. ನೀರು ಒಳಗೆ ನುಗ್ಗಿ ಕೋಶ ಊದುತ್ತದೆ, ಒಡೆಯುತ್ತದೆ. ಕೆರೆಯ ಏರಿಯಲ್ಲಿ ಬಿಲ ಬಿದ್ದಾಗ ಆಗುವುದನ್ನು ಬಲ್ಲ ಸೀಮೆಯವರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ.

ಈ ಪ್ರೋಟೀನಿಗೆ ಅಮೀಬಾಪೋರ್ ಎಂಬ ಹೆಸರು ಬಂದಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಮಥಿಯಾಸ್ ಲೈಪೆ ಮತ್ತು ಸಂಗಡಿಗರು 1991ರಲ್ಲಿ ಇದರ ಅಮೈನೋ ಆಮ್ಲಗಳ ಅನುಕ್ರಮವನ್ನು ಪ್ರಕಟಿಸಿದರು. ಕೇವಲ 77 ಅಮೈನೋ ಆಮ್ಲಗಳ ಈ ಕಿರಿದಾದ ಪ್ರೋಟೀನನ್ನು ಮೂರು ಗಂಧಕದ ಸೇತುವೆಗಳು ಬಿಗಿದು ಹಿಡಿದಿವೆ. ಇದರಲ್ಲಿ ಎ, ಬಿ, ಸಿ ಎಂಬ ಮೂರು ಬಗೆಗಳಿವೆ, ಎ ಬಗೆಯದೇ ಹೆಚ್ಚು. ಅಮೀಬಾ ಇದನ್ನು ತನ್ನೊಳಗಿನ ಸಣ್ಣ ಕಣಗಳಲ್ಲಿ ಕೂಡಿಟ್ಟುಕೊಂಡಿರುತ್ತದೆ. ಮೊದಲು ಅದು ಲೆಕ್ಟಿನ್ ಎಂಬ ಅಂಟುಪ್ರೋಟೀನಿನ ಮೂಲಕ ಕರುಳಿನ ಕೋಶಕ್ಕೆ ಹತ್ತಿಕೊಳ್ಳುತ್ತದೆ. ಅನಂತರವೇ ರಂಧ್ರಕಾರಕ ಅಣುಗಳ ಕೆಲಸ. ಅವು ಆಮ್ಲೀಯ ಪರಿಸರದಲ್ಲಿ ಜೋಡಿಗೂಡಿ, ಗುಂಪುಗೂಡಿ ಎದುರು ಕೋಶದ ಪೊರೆಯಲ್ಲಿ ನಾಟುತ್ತವೆ. ವಿಶೇಷವೆಂದರೆ ಈ ಅಸ್ತ್ರ ಮೂಲತಃ ಮನುಷ್ಯನ ಮೇಲೆ ಪ್ರಯೋಗಿಸಲು ಹುಟ್ಟಿದ್ದಲ್ಲ. ಅಮೀಬಾದ ನಿತ್ಯದ ಆಹಾರ ಬ್ಯಾಕ್ಟೀರಿಯಾಗಳು. ನುಂಗಿದ ಬ್ಯಾಕ್ಟೀರಿಯಾಗಳನ್ನು ಒಡೆಯುವುದೇ ಈ ಪ್ರೋಟೀನಿನ ಸಹಜ ಕಾರ್ಯವೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಮನುಷ್ಯನ ರಕ್ಷಣಾ ಕೋಶಗಳಲ್ಲಿರುವ ಗ್ರಾನುಲೈಸಿನ್, ಹಂದಿಯ ಎನ್‌ಕೆ-ಲೈಸಿನ್ ಇವು ಅಮೀಬಾಪೋರಿನ ಬಂಧುಗಳು. ಆಕ್ರಮಣಕಾರನ ಕೈಯಲ್ಲಿಯೂ ಕಾವಲಿನವನ ಕೈಯಲ್ಲಿಯೂ ಒಂದೇ ಕುಲದ ಆಯುಧವಿದೆ.

ಇದು ನಿಜವಾಗಿಯೂ ರೋಗದ ಕಾರಣವೇ ಎಂಬ ಪ್ರಶ್ನೆಯನ್ನು 1999ರಲ್ಲಿ ನೇರವಾಗಿ ಪರೀಕ್ಷಿಸಲಾಯಿತು. ಬ್ರಾಖಾ, ಮಿರೆಲ್ಮನ್, ಲೈಪೆ ಮೊದಲಾದವರು ಅಮೀಬಾಪೋರಿನ ಉತ್ಪಾದನೆಯನ್ನು ತಗ್ಗಿಸಿದಾಗ ಅಮೀಬಾದ ರೋಗಶಕ್ತಿಯೂ ತಗ್ಗಿತು. ಆದರೆ 2004ರ ಇನ್ನೊಂದು ಅಧ್ಯಯನವು ಚಿತ್ರವನ್ನು ಜಟಿಲಗೊಳಿಸಿತು. ಅಮೀಬಾಪೋರ್ ಇಲ್ಲದ ಅಮೀಬಾಗಳು ಯಕೃತ್ತಿನಲ್ಲಿ ಪೂರ್ಣ ಪ್ರಮಾಣದ ಬಾವನ್ನು ಉಂಟುಮಾಡಲಾರದೆ ಹೋದರೂ, ದೊಡ್ಡಕರುಳಿನ ಅಂಗಾಂಶವನ್ನು ಹಾಳುಮಾಡಬಲ್ಲವಾಗಿದ್ದವು. 2014ರಲ್ಲಿ ಕ್ಯಾಥರೀನ್ ರಾಲ್ಸ್ಟನ್ ಮತ್ತು ಸಹೋದ್ಯೋಗಿಗಳು, ಅಮೀಬಾ ಜೀವಂತ ಕೋಶವನ್ನು ತುಣುಕು ತುಣುಕಾಗಿ ಕಚ್ಚಿ ನುಂಗಿ ಕೊಲ್ಲುತ್ತದೆ ಎಂದು ತೋರಿಸಿದರು. ಹೀಗಾಗಿ ರಂಧ್ರಕಾರಕ ಪ್ರೋಟೀನೊಂದೇ ಆಮಶಂಕೆಯ ಕಾರಣವೆಂದು ಬರೆಯುವ ಜನಪ್ರಿಯ ಪುಸ್ತಕಗಳ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಲೆಕ್ಟಿನ್, ರಂಧ್ರಕಾರಕಗಳು, ಪ್ರೋಟೀನು ಸೀಳುವ ಕಿಣ್ವಗಳು ಮತ್ತು ಕಚ್ಚಿ ನುಂಗುವ ಕ್ರಿಯೆ ಇವೆಲ್ಲ ಕೂಡಿ ಶಾಡಿನ್ ಇಟ್ಟ ಹೆಸರನ್ನು ಸಾರ್ಥಕಗೊಳಿಸುತ್ತವೆ.

ಇತಿಹಾಸದ ದೃಷ್ಟಿಯಿಂದ ಈ ಸಂಶೋಧನೆಯ ಮಹತ್ವ ಬೇರೊಂದು ಕಡೆಗಿದೆ. 1978ರಿಂದ ಕಿಣ್ವಗಳ ಹೋಲಿಕೆಯ ಮೂಲಕವೂ ಅನಂತರ ವಂಶವಾಹಿಗಳ ಮೂಲಕವೂ ಬ್ರಂಪ್ಟ್ ಹೇಳಿದ ಎರಡು ಜಾತಿಗಳು ಬೇರೆಬೇರೆಯೆಂದು ಸಿದ್ಧವಾಯಿತು. 1993ರಲ್ಲಿ ಡೈಮಂಡ್ ಮತ್ತು ಕ್ಲಾರ್ಕ್ ಅವುಗಳನ್ನು ವಿಧಿವತ್ತಾಗಿ ಪ್ರತ್ಯೇಕಿಸಿದರು, 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅದನ್ನು ಅಂಗೀಕರಿಸಿದರು. ಡಿಸ್ಪಾರಿನಲ್ಲಿಯೂ ಅಮೀಬಾಪೋರಿನಂಥ ಪ್ರೋಟೀನುಗಳಿವೆ, ಆದರೆ ಅವುಗಳ ರಂಧ್ರ ಕೊರೆಯುವ ಶಕ್ತಿ ಕಡಿಮೆ ಎಂದು 1999ರಲ್ಲಿ ತಿಳಿದುಬಂದಿತು. ಜಗತ್ತಿನಲ್ಲಿ ಸುಮಾರು 48 ಕೋಟಿ ಜನ ರೋಗಕಾರಕ ಅಮೀಬಾವನ್ನು ಹೊತ್ತಿದ್ದಾರೆಂದು 1986ರಲ್ಲಿ ಮಾಡಿದ್ದ ಅಂದಾಜಿನ ಬಹುದೊಡ್ಡ ಭಾಗ ನಿರಪಾಯಕಾರಿ ಡಿಸ್ಪಾರಿನದಾಗಿತ್ತು. ಇದರ ಅರ್ಥ ಇಷ್ಟು: ಇಪ್ಪತ್ತನೆಯ ಶತಮಾನದ ಬಹುಪಾಲು ಅವಧಿಯಲ್ಲಿ ಜಿಲ್ಲಾ ಆಸ್ಪತ್ರೆಗಳ ಸೂಕ್ಷ್ಮದರ್ಶಕದ ಕೆಳಗೆ ‘ಅಮೀಬಾ ಇದೆ’ ಎಂದು ಬರೆದ ಟಿಪ್ಪಣಿಯನ್ನು ಆಮಶಂಕೆಯ ಪುರಾವೆಯಾಗಿ ಸ್ವೀಕರಿಸಲಾಗದು. ಪಟೇಲನ ಅಂಕಣವು ಅನೇಕ ರೋಗಗಳನ್ನು ಒಂದಾಗಿಸಿತ್ತು. ಸೂಕ್ಷ್ಮದರ್ಶಕವು ರೋಗಿಯನ್ನೂ ಆರೋಗ್ಯವಂತನನ್ನೂ ಒಂದಾಗಿಸಿತು. ಹಳೆಯ ಅಂಕಿಅಂಶಗಳಿಂದ ಈ ಸೀಮೆಯ ಆಮಶಂಕೆಯ ಪ್ರಮಾಣವನ್ನು ಲೆಕ್ಕಹಾಕುವ ಪ್ರಯತ್ನಗಳು ಈ ಎರಡು ದೋಷಗಳನ್ನೂ ದಾಟಬೇಕು.

ಹಿರಿಯೂರಿನ ವಿಷಯದಲ್ಲಿ ಇನ್ನೊಂದು ಬಗೆಯ ಆಕರ ಲಭ್ಯವಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಹಾಕುವ ಕಾರ್ಯ ಆರಂಭವಾಯಿತು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಸಂಗ್ರಹಣ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನಲ್ಲಿ ಹರಡಿದೆ, ಕಾಲುವೆಗಳು ಹಿರಿಯೂರಿನ ಬಯಲನ್ನು ತೋಯಿಸುತ್ತವೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ತುಂಬಿದ್ದು 89 ವರ್ಷಗಳ ಅನಂತರ 2022ರಲ್ಲಿ, ಮೂರನೆಯ ಸಲ 2025ರ ಜನವರಿಯಲ್ಲಿ. ಸಾಂಕ್ರಾಮಿಕಗಳ ಅಧಿದೇವತೆಯಾದ ಮಾರಿಯ ಹೆಸರನ್ನೇ ಹೊತ್ತ ಕಣಿವೆಯಲ್ಲಿ ಕಾಲುವೆ ನೀರಾವರಿಯೊಡನೆ ಬಂದದ್ದು ಮಲೇರಿಯಾ. 1920ರ ದಶಕದ ಅಂತ್ಯದಲ್ಲಿ ಮೈಸೂರು ಸರ್ಕಾರವು ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದಿಂದ ಕೈಗೊಂಡ ಮಲೇರಿಯಾ ಅಧ್ಯಯನಕ್ಕೆ ಆಯ್ದ ಕ್ಷೇತ್ರಗಳಲ್ಲಿ ಹಿರಿಯೂರು ಪ್ರದೇಶವೂ ಸೇರಿತ್ತು. ಪ್ರತಿಷ್ಠಾನದ ಡಬ್ಲ್ಯು.ಸಿ. ಸ್ವೀಟ್ ಅವರ ನೇತೃತ್ವದಲ್ಲಿ ಇಲ್ಲಿ ಸೊಳ್ಳೆಯ ಜಾತಿ, ಮೊಟ್ಟೆಯಿಡುವ ತಾಣ, ಮಕ್ಕಳ ಗುಲ್ಮದ ಊತ ಇವನ್ನೆಲ್ಲ ಎಣಿಸಲಾಯಿತು. ಜ್ವರಕ್ಕೆ ದೊರೆತ ಈ ಬಗೆಯ ಗಮನ ಭೇದಿಗೆ ದೊರೆಯಲಿಲ್ಲ. ಆಮಶಂಕೆಯು ಬಡವರ ನಿತ್ಯದ ಬೇನೆಯಾಗಿಯೇ ಉಳಿಯಿತು. ಅದೇ ರಾಕ್‌ಫೆಲ್ಲರ್ ಮನೆತನದ ಧನದಿಂದ 1901ರಲ್ಲಿ ಹುಟ್ಟಿದ ಸಂಸ್ಥೆಯ ಪ್ರಯೋಗಾಲಯದಲ್ಲಿಯೇ ಎಂಟು ದಶಕಗಳ ತರುವಾಯ ಅಮೀಬಾದ ರಂಧ್ರಕಾರಕ ಪ್ರೋಟೀನು ಬೆಳಕಿಗೆ ಬಂದದ್ದು ಕಾಕತಾಳೀಯವಾದರೂ ಉಲ್ಲೇಖಾರ್ಹ.

ಹೊಂಡ ಮತ್ತು ಕೆರೆಗಳ ಬಳಕೆ ತಗ್ಗಿ ಕೊಳಾಯಿ ನೀರು ಬಂದ ಮೇಲೆ ಚಿತ್ರದುರ್ಗ ನಗರವು ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರಗಳನ್ನು ಅವಲಂಬಿಸಿತು. ನೀರಿಗೆ ಕ್ಲೋರಿನ್ ಸೇರಿಸುವ ಪದ್ಧತಿ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಕೊಲ್ಲುತ್ತದೆ. ಅಮೀಬಾದ ವಿಷಯ ಹಾಗಲ್ಲ. ಅದು ದೇಹದಿಂದ ಹೊರಬೀಳುವಾಗ ಗಟ್ಟಿ ಕವಚವುಳ್ಳ ಸಿಸ್ಟ್ ಎಂಬ ಸುಪ್ತರೂಪವನ್ನು ತಾಳುತ್ತದೆ. ಕುಡಿಯುವ ನೀರಿಗೆ ಸಾಮಾನ್ಯವಾಗಿ ಹಾಕುವ ಪ್ರಮಾಣದ ಕ್ಲೋರಿನ್ನನ್ನು ಅದು ತಾಳಿಕೊಳ್ಳಬಲ್ಲದು. ನೀರನ್ನು ಕುದಿಸುವುದು ಅಥವಾ ಸರಿಯಾಗಿ ಸೋಸುವುದೇ ಅದಕ್ಕೆ ಮದ್ದು. ಇದರ ಪಾಠವನ್ನು ಜಗತ್ತು ಕಲಿತದ್ದು ಷಿಕಾಗೋದಲ್ಲಿ. 1933ರಲ್ಲಿ ಅಲ್ಲಿನ ವಿಶ್ವಪ್ರದರ್ಶನದ ಸಂದರ್ಭದಲ್ಲಿ ಹೋಟೆಲುಗಳಲ್ಲಿ ಕುಡಿಯುವ ನೀರಿನ ಕೊಳವೆಯೂ ಕೊಳಚೆಯ ಕೊಳವೆಯೂ ಬೆರೆತು ಸಾವಿರಕ್ಕೂ ಹೆಚ್ಚು ಜನ ಆಮಶಂಕೆಗೆ ತುತ್ತಾದರು, ಸುಮಾರು 100 ಮಂದಿ ಸತ್ತರು. ಅತ್ಯಾಧುನಿಕ ನಗರವೊಂದರ ನೆಲದಡಿಯಲ್ಲಿ ನಡೆದದ್ದು, ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ಹರಿಯುವ ನೀರಿನ ಕಥೆಗಿಂತ ತತ್ತ್ವತಃ ಭಿನ್ನವಲ್ಲ.

ಈಚಿನ ವರ್ಷಗಳಲ್ಲಿ ಜನರ ಬಾಯಲ್ಲಿರುವ ‘ಮಿದುಳು ತಿನ್ನುವ ಅಮೀಬಾ’ ಇನ್ನೊಂದು ಜೀವಿ. ನೇಗ್ಲೇರಿಯಾ ಫೌಲೆರಿ ಎಂಬ ಇದು ಕುಡಿದ ನೀರಿನಿಂದ ರೋಗ ತರುವುದಿಲ್ಲ. ಬೆಚ್ಚಗಿನ ಸಿಹಿನೀರು ಮೂಗಿನೊಳಗೆ ನುಗ್ಗಿದಾಗ ಗಂಧನರದ ಜಾಡು ಹಿಡಿದು ಮಿದುಳನ್ನು ಸೇರುತ್ತದೆ. ಆಸ್ಟ್ರೇಲಿಯದ ಅಡಿಲೇಡಿನಲ್ಲಿ 1965ರಲ್ಲಿ ಫೌಲರ್ ಮತ್ತು ಕಾರ್ಟರ್ ಇದನ್ನು ಮೊದಲು ವರದಿ ಮಾಡಿದರು. ಭಾರತದ ಮೊದಲ ಪ್ರಕರಣಗಳನ್ನು 1971ರಲ್ಲಿ ಪ್ಯಾನ್ ಮತ್ತು ಘೋಷ್ ಪ್ರಕಟಿಸಿದರು. ಕರ್ನಾಟಕದಲ್ಲಿ ಮಂಗಳೂರಿನ ಐದು ತಿಂಗಳ ಶಿಶುವಿನ ಪ್ರಕರಣ 2002ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಅದೇ ವರ್ಷ ಈ ಜೀವಿಯಲ್ಲಿಯೂ ಅಮೀಬಾಪೋರಿನ ಕುಲಕ್ಕೆ ಸೇರಿದ ನೇಗ್ಲೇರಿಯಾಪೋರ್ ಎಂಬ ರಂಧ್ರಕಾರಕಗಳು ಪತ್ತೆಯಾದವು. ಅಕಾಂತಮೀಬಾ ಕಲ್ಬರ್ಟ್‌ಸೋನಿ ಎಂಬ ಮತ್ತೊಂದು ಅಮೀಬಾದಿಂದ 2013ರಲ್ಲಿ ಅಕಾಂತಪೋರಿನ್ ಬೇರ್ಪಟ್ಟಿತು. ಈ ಜಾತಿಗೆ 1970ರಲ್ಲಿ ಹೆಸರಿಟ್ಟವರು ಭಾರತೀಯರಾದ ಬಿ.ಎನ್. ಸಿಂಗ್ ಮತ್ತು ದಾಸ್ ಎಂಬುದನ್ನು ನಮ್ಮ ವಿಜ್ಞಾನದ ಚರಿತ್ರೆಗಳು ಹೆಚ್ಚಾಗಿ ಸ್ಮರಿಸುವುದಿಲ್ಲ. ಕೇರಳದಲ್ಲಿ ಪ್ರಕರಣಗಳು ಹೆಚ್ಚಿದಾಗ, 2025ರ ನವೆಂಬರಿನಲ್ಲಿ ಕರ್ನಾಟಕ ಆರೋಗ್ಯ ಇಲಾಖೆಯು ಶಬರಿಮಲೆ ಯಾತ್ರಿಕರಿಗೆ ಮೂಗಿನೊಳಗೆ ನೀರು ಹೋಗದಂತೆ ನೋಡಿಕೊಳ್ಳಲು ಸೂಚಿಸಿತು. ದುರ್ಗದಿಂದಲೂ ಮಾಲೆ ಧರಿಸಿ ಹೋಗುವವರಿದ್ದಾರೆ. ಆದರೆ ಕೇರಳದ ಸುದ್ದಿಯನ್ನು ದುರ್ಗದ ಹೊಂಡಗಳ ಹಿಂದಿನ ರೋಗಗಳಿಗೆ ಆರೋಪಿಸುವುದು ಸರಿಯಾದ ಕ್ರಮವಲ್ಲ. ಒಂದು ಮಿದುಳಿನ ಅಪರೂಪದ ರೋಗ, ಇನ್ನೊಂದು ಕರುಳಿನ ಹಳೆಯ ಬೇನೆ.

ಹೆಸರುಗಳನ್ನು ಬೇರೆಬೇರೆಯಾಗಿ ಇಡುವ ಈ ಅಗತ್ಯ ಹಳೆಯ ಕಾಲಕ್ಕೆ ಮಾತ್ರ ಸೀಮಿತವಲ್ಲ. 2023ರ ಆಗಸ್ಟ್ ಮೊದಲ ದಿನಗಳಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಬಹಳಷ್ಟು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ನೀರಿಗೆ ವಿಷ ಬೆರೆಸಿರಬಹುದೆಂಬ ಶಂಕೆ ಮೊದಲು ಎದ್ದಿತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಾಲರಾ ರೋಗಾಣು ಕಂಡುಬಂದುದಾಗಿ ವರದಿಯಾಯಿತು. ಕಾಲರಾದ ಪ್ರಧಾನ ವಿಷವು ಕೋಶಕ್ಕೆ ತೂತು ಕೊರೆಯುವುದಿಲ್ಲ. 1959ರಲ್ಲಿ ಕಲ್ಕತ್ತೆಯ ಶಂಭುನಾಥ ದೇ ಅವರು ಅಸ್ತಿತ್ವವನ್ನು ಸಾಧಿಸಿ ತೋರಿಸಿದ ಆ ವಿಷ, ಕೋಶವನ್ನು ಒಡೆಯದೆಯೇ ಅದರಿಂದ ನೀರನ್ನು ಹೊರಕ್ಕೆ ಸುರಿಸುತ್ತದೆ. ರೋಗಿ ಗಂಟೆಗಳಲ್ಲಿ ಬತ್ತಿಹೋಗುತ್ತಾನೆ. ಕಿಯೋಶಿ ಶಿಗಾ 1897ರಲ್ಲಿ ಕಂಡುಹಿಡಿದ ರಕ್ತಭೇದಿಯ ಬ್ಯಾಕ್ಟೀರಿಯಾದ ವಿಷ ಕೋಶದೊಳಗಿನ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಅಮೀಬಾ ಹತ್ತಿಕೊಂಡು, ಕೊರೆದು, ಕಚ್ಚಿ, ವಾರಗಟ್ಟಲೆ ಕರುಳನ್ನು ತಿನ್ನುತ್ತದೆ. ವಾಂತಿಭೇದಿ, ರಕ್ತಭೇದಿ, ಆಮಶಂಕೆ ಎಂದು ಮೂರು ಪದಗಳಲ್ಲಿ ಹಳ್ಳಿಯ ಜನ ಗುರುತಿಸಿದ್ದ ಲಕ್ಷಣಗಳ ಹಿಂದೆ ಹೀಗೆ ಮೂರು ಬೇರೆ ಕ್ರಿಯೆಗಳಿದ್ದವು. ಅವುಗಳಲ್ಲಿ ರಕ್ತಭೇದಿ, ಆಮಶಂಕೆಗಳೆರಡನ್ನೂ ‘ಬವೆಲ್ ಕಂಪ್ಲೇಂಟ್ಸ್’ ಎಂಬ ಒಂದೇ ಅಂಕಣಕ್ಕೆ ತುಂಬಿದ ಪಟೇಲನ ಪುಸ್ತಕವನ್ನು ಓದುವಾಗ, ಪಟೇಲನಿಗೆ ಹೇಳಿದವರ ಮಾತು ಅವನು ಬರೆದದ್ದಕ್ಕಿಂತ ಹೆಚ್ಚು ನಿಖರವಾಗಿದ್ದಿರಬಹುದು ಎಂಬುದನ್ನು ಸಂಶೋಧಕರು ಗಮನದಲ್ಲಿಡಬೇಕಾಗುತ್ತದೆ.